ಹೊಸ ಟೆಲಿಸ್ಕೋಪಿನ ಕನ್ನಡಿ ಸರಿಯಾಗಿ ಕೂತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಟೆಲಿಸ್ಕೋಪ್ ಕೊಂಡ ಸ್ವಲ್ಪ ದಿನಕ್ಕೇ ಬಹಳ ಜನರಿಗೆ ಈ ಅನುಮಾನ ಹತ್ತಿಕೊಳ್ಳುತ್ತದೆ. ಗುರು ಮಸುಕಾಗಿ ಕಾಣ್ತಿದೆ, ಒಳಗಿನ ಕನ್ನಡಿ ಅಲ್ಲಾಡಿಬಿಟ್ಟಿದೆಯೇನೋ ಅಂತ. ಆ ಅನುಮಾನದ ಸುತ್ತ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನನ್ನ ಮನಸ್ಸಿನಲ್ಲಿರುವುದು 114 ಅಥವಾ 130 ಮಿಮೀ ಅಗಲದ ನ್ಯೂಟೋನಿಯನ್ ಟೆಲಿಸ್ಕೋಪ್, ಅಂದರೆ ಕೊಳವೆಯ ತಳದಲ್ಲಿ ಒಂದು ದೊಡ್ಡ ಕನ್ನಡಿ, ಬಾಯಿಯ ಹತ್ತಿರ ಒಂದು ಸಣ್ಣ ಕನ್ನಡಿ ಇರುವಂಥದ್ದು. ಮೊದಲೇ ಒಂದು ಮಾತು: ಪರೀಕ್ಷೆ ಮಾಡೋದು ಬೇರೆ, ಸ್ಕ್ರೂ ತಿರುಗಿಸೋದು ಬೇರೆ. ಮೊದಲನೆಯದಕ್ಕೆ ಎರಡು ನಿಮಿಷ ಸಾಕು. ಎರಡನೆಯದರ ಅಗತ್ಯ ನೀವು ಅಂದುಕೊಂಡಷ್ಟು ಸಲ ಬರುವುದೇ ಇಲ್ಲ.

ಕಾಲಿಮೇಷನ್ ಅಂತಾರಲ್ಲ, ಏನದು?

ಎರಡು ಕನ್ನಡಿಗಳ ಓರೆಯನ್ನು ಸರಿಯಾಗಿ ಹೊಂದಿಸುವುದು, ಅಷ್ಟೇ. ಬೆಳಕು ಕೊಳವೆಯ ಬಾಯಿಂದ ಒಳಗೆ ಬಂದು, ತಳದಲ್ಲಿರುವ ತಗ್ಗಾದ ದೊಡ್ಡ ಕನ್ನಡಿಗೆ (ಇದು ಪ್ರೈಮರಿ) ಬಡಿದು, ಕಿರಿದಾಗುತ್ತಾ ಮೇಲಕ್ಕೆ ವಾಪಸ್ ಬರುತ್ತದೆ. ಅಲ್ಲಿ 45 ಡಿಗ್ರಿ ಓರೆಯಾಗಿ ನಿಂತಿರುವ ಸಣ್ಣ ಚಪ್ಪಟೆ ಕನ್ನಡಿ (ಇದು ಸೆಕೆಂಡರಿ) ಅದನ್ನು ಪಕ್ಕಕ್ಕೆ ತಿರುಗಿಸಿ ನಿಮ್ಮ ಕಣ್ಣಿಗೆ ಕಳಿಸುತ್ತದೆ. 1668ರಲ್ಲಿ ನ್ಯೂಟನ್ ಮಾಡಿದ ಪುಟ್ಟ ಟೆಲಿಸ್ಕೋಪಿನಲ್ಲೂ ಇದೇ ಏರ್ಪಾಡು ಇತ್ತು.

ತೊಂದರೆ ಎಲ್ಲಿ ಅಂದರೆ, ಪ್ರೈಮರಿ ಕನ್ನಡಿ ಚೂಪಾದ ಚಿತ್ರ ಕೊಡುವುದು ತನ್ನ ನಡುಗೆರೆಯ ಆಸುಪಾಸಿನಲ್ಲಿ ಮಾತ್ರ. ಅಲ್ಲಿಂದ ದೂರ ಹೋದಷ್ಟೂ ನಕ್ಷತ್ರಕ್ಕೆ ಒಂದು ಬದಿಗೆ ಬಾಲ ಬೆಳೆಯುತ್ತದೆ. ಇದಕ್ಕೆ ಕೋಮಾ ಅಂತಾರೆ. ಕನ್ನಡಿ ಓರೆಯಾಗಿದ್ದರೆ ಆ ಚೂಪಾದ ಜಾಗ ಐಪೀಸಿನ (ನೀವು ಕಣ್ಣಿಟ್ಟು ನೋಡುವ ಲೆನ್ಸಿನ) ನಡುವೆ ಬೀಳದೆ ಎಲ್ಲೋ ಅಂಚಿಗೆ ಹೋಗಿರುತ್ತದೆ, ನೀವು ನಡುವೆ ಇಟ್ಟು ನೋಡ್ತಿರೋ ಗುರು ಬಾಲದ ಜಾಗದಲ್ಲಿರುತ್ತಾನೆ.

ಫೈಂಡರಿನಲ್ಲಿ ಚಂದ್ರ ನಡುವೆ ಇದ್ದಾನೆ, ಐಪೀಸಿನಲ್ಲಿ ಕಾಣುವುದೇ ಇಲ್ಲ. ಕನ್ನಡಿ ಕೆಟ್ಟಿದೆಯಾ?

ಇಲ್ಲ. ಅದು ಫೈಂಡರ್ (ಗುರಿ ಹಿಡಿಯಲು ಕೊಳವೆಯ ಮೇಲೆ ಕೂರಿಸಿರುವ ಸಣ್ಣ ಸಾಧನ) ಹೊಂದಿಸುವ ವಿಷಯ, ಕನ್ನಡಿಗೂ ಅದಕ್ಕೂ ಸಂಬಂಧವಿಲ್ಲ. ಹಗಲಿನಲ್ಲಿ ದೂರದ ಮೊಬೈಲ್ ಟವರ್ ತುದಿಯನ್ನು ಮೊದಲು ಐಪೀಸಿನ ನಡುವೆ ತನ್ನಿ, ಆಮೇಲೆ ಟೆಲಿಸ್ಕೋಪ್ ಅಲ್ಲಾಡಿಸದೆ ಫೈಂಡರಿನ ಸ್ಕ್ರೂ ತಿರುಗಿಸಿ ಅದೇ ತುದಿಯನ್ನು ಫೈಂಡರಿನ ನಡುವೆಯೂ ತನ್ನಿ. ಸೂರ್ಯ ಇರುವ ಕಡೆಗೆ ಮಾತ್ರ ತಿರುಗಿಸಬೇಡಿ. ಟೆಲಿಸ್ಕೋಪಿನಲ್ಲಾಗಲೀ ಫೈಂಡರಿನಲ್ಲಾಗಲೀ ಸೂರ್ಯ ಒಂದು ಕ್ಷಣ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು.

ಚಿತ್ರ ತಲೆಕೆಳಗಾಗಿದೆ. ನಕ್ಷತ್ರದಿಂದ ನಾಲ್ಕು ಕಡ್ಡಿಗಳು ಬೇರೆ ಹೊರಟಿವೆ.

ಎರಡೂ ಮಾಮೂಲು. ನ್ಯೂಟೋನಿಯನ್ ತೋರಿಸುವುದೇ ತಲೆಕೆಳಗಾಗಿ. ಆ ಕಡ್ಡಿಗಳು ಬರುವುದು ಸಣ್ಣ ಕನ್ನಡಿಯನ್ನು ಹಿಡಿದಿರುವ ಪಟ್ಟಿಗಳಿಂದ, ಅದನ್ನು ಸ್ಪೈಡರ್ ಅಂತಾರೆ. ಪಟ್ಟಿ ನಾಲ್ಕಿದ್ದರೆ ಕಡ್ಡಿ ನಾಲ್ಕು, ಮೂರಿದ್ದರೆ ಆರು.

ಎಲ್ಲ ಟೆಲಿಸ್ಕೋಪಿಗೂ ಈ ಕೆಲಸ ಇದೆಯಾ?

60 ಅಥವಾ 70 ಮಿಮೀ ಲೆನ್ಸ್ ಟೆಲಿಸ್ಕೋಪ್ ನಿಮ್ಮದಾದರೆ ಆರಾಮಾಗಿರಿ, ಈ ಪುಟ ನಿಮಗೆ ಬೇಕಿಲ್ಲ. ಮಕ್ಸುಟೋವ್ ಮಾದರಿಯೂ (ಮುಂದೆ ಲೆನ್ಸ್, ಹಿಂದೆ ಕನ್ನಡಿ ಇರುವ ಗಿಡ್ಡ ಕೊಳವೆ) ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಹೊಂದಿಸಿದಂತೆಯೇ ಉಳಿದಿರುತ್ತದೆ. ಕೆಲವು 76 ಮಿಮೀ ಪುಟಾಣಿ ನ್ಯೂಟೋನಿಯನ್‌ಗಳಲ್ಲಿ ಪ್ರೈಮರಿಗೆ ಸ್ಕ್ರೂಗಳೇ ಇರುವುದಿಲ್ಲ. ಹೊಂದಿಸುವ ದಾರಿಯೇ ಇಲ್ಲದ ಮೇಲೆ ತಲೆ ಕೆಡಿಸಿಕೊಂಡು ಏನು ಮಾಡ್ತೀರಿ, ಕಡಿಮೆ ಪವರ್‌ನಲ್ಲಿ ಚಂದ್ರನನ್ನು ನೋಡಿ ಖುಷಿಪಡಿ.

ಡಾಬ್ಸೋನಿಯನ್ ಅನ್ನುವುದು ನ್ಯೂಟೋನಿಯನ್ನೇ, ಕೆಳಗಿನ ಮರದ ಸ್ಟ್ಯಾಂಡ್ ಮಾತ್ರ ಬೇರೆ. ಹಾಗಾಗಿ ಇಲ್ಲಿ ಹೇಳಿದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆ. ಅಂದಹಾಗೆ ಈ ಸ್ಟ್ಯಾಂಡನ್ನು ಜನಪ್ರಿಯ ಮಾಡಿದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯಲ್ಲಿ, ಅಂದರೆ ನಮ್ಮ ರಾಮಕೃಷ್ಣ ಪರಂಪರೆಯ ಆಶ್ರಮದಲ್ಲಿ, ಸನ್ಯಾಸಿಯಾಗಿದ್ದವರು. 1967ರಲ್ಲಿ ಆಶ್ರಮ ಬಿಟ್ಟ ಮೇಲೆ ಪ್ಲೈವುಡ್, ರಟ್ಟಿನ ಕೊಳವೆಯಲ್ಲಿ ಟೆಲಿಸ್ಕೋಪ್ ಕಟ್ಟಿ, ಫುಟ್‌ಪಾತ್ ಮೇಲೆ ನಿಲ್ಲಿಸಿ, ಹೋಗಿಬರುವವರಿಗೆಲ್ಲ ಆಕಾಶ ತೋರಿಸಿದರು.

ಎಷ್ಟು ಕರಾರುವಾಕ್ಕಾಗಿರಬೇಕು?

ಇದು ನಿಮ್ಮ ಟೆಲಿಸ್ಕೋಪಿನ ಎಫ್ ಸಂಖ್ಯೆಯ ಮೇಲೆ ಹೋಗುತ್ತದೆ. ಫೋಕಲ್ ಲೆಂತ್ ಅನ್ನು (ಕನ್ನಡಿಯಿಂದ ಚಿತ್ರ ಮೂಡುವ ಜಾಗದವರೆಗಿನ ದೂರ) ಕನ್ನಡಿಯ ಅಗಲದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. 114 ಮಿಮೀ ಅಗಲ, 900 ಮಿಮೀ ಫೋಕಲ್ ಲೆಂತ್ ಇದ್ದರೆ ಹೆಚ್ಚುಕಡಿಮೆ ಎಫ್/8. 130 ಮತ್ತು 650 ಇದ್ದರೆ ಎಫ್/5.

ಕೋಮಾ ಕಾಟ ಕೊಡದ ಚೂಪಾದ ಜಾಗ ಇದೆಯಲ್ಲ, ಅದರ ಅಗಲ ಈ ಸಂಖ್ಯೆಯ ಘನಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಎಫ್/8ರಲ್ಲಿ ಸುಮಾರು 11 ಮಿಮೀ. ಎಫ್/5ರಲ್ಲಿ 3 ಮಿಮೀಗಿಂತ ಕಡಿಮೆ. ಎಫ್/4ರಲ್ಲಿ ಒಂದೂವರೆ ಮಿಮೀಯೂ ಇಲ್ಲ. ಅದಕ್ಕೇ ಉದ್ದ ಕೊಳವೆಯ 114 ಇಟ್ಟುಕೊಂಡವರು ವರ್ಷಗಟ್ಟಲೆ ಸ್ಕ್ರೂ ಮುಟ್ಟದೆ ಶನಿಯ ಬಳೆ ನೋಡಿಕೊಂಡಿರುತ್ತಾರೆ, ಗಿಡ್ಡ ಕೊಳವೆಯ 130 ಇರುವವರು ಮಾತ್ರ ಆಗಾಗ ಪರೀಕ್ಷೆ ಮಾಡಬೇಕಾಗುತ್ತದೆ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಹೊಸಬರಿಗೆ ಉದ್ದ ಕೊಳವೆಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ, ಬಸ್ಸಿನಲ್ಲಿ ಒಯ್ಯೋದು ಕಷ್ಟ ಅನ್ನೋದನ್ನು ಒಪ್ಪುತ್ತೇನೆ.

ಇನ್ನೊಂದು ವಿಷಯ. ಆ 650 ಮಿಮೀ ಟೆಲಿಸ್ಕೋಪಿಗೆ 25 ಮಿಮೀ ಐಪೀಸ್ ಹಾಕಿ 26 ಪಟ್ಟು ದೊಡ್ಡದಾಗಿ ಕೃತ್ತಿಕೆ ನೋಡುವಾಗ ಕನ್ನಡಿ ಸ್ವಲ್ಪ ಆಚೀಚೆ ಇದ್ದರೂ ನಿಮಗೆ ಗೊತ್ತೇ ಆಗುವುದಿಲ್ಲ. ಗ್ರಹ, ಜೋಡಿ ನಕ್ಷತ್ರ, ಚಂದ್ರನ ಕುಳಿಗಳು, ಇವನ್ನು 100 ಪಟ್ಟಿಗಿಂತ ಜಾಸ್ತಿ ಹಿಗ್ಗಿಸಿ ನೋಡುವಾಗಲೇ ಬಣ್ಣ ಬಯಲಾಗುವುದು.

ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ? ಏನೇನು ಬೇಕು?

ಹಗಲು ಬೆಳಕು ಮತ್ತು ನಡುವೆ ಸಣ್ಣ ತೂತಿರುವ ಒಂದು ಮುಚ್ಚಳ. ಇನ್ನೇನೂ ಬೇಡ.

ಆ ಮುಚ್ಚಳಕ್ಕೆ ಕಾಲಿಮೇಷನ್ ಕ್ಯಾಪ್ ಅಂತ ಹೆಸರು. ಕೊಳ್ಳುವ ಮೊದಲು ನಿಮ್ಮ ಡಬ್ಬದಲ್ಲೇ ಹುಡುಕಿ. ಕೆಲವು ಟೆಲಿಸ್ಕೋಪುಗಳಲ್ಲಿ ಫೋಕಸರ್ (ಐಪೀಸ್ ಕೂರುವ ಸಣ್ಣ ಕೊಳವೆ) ಬಾಯಿಗೆ ಧೂಳು ಬೀಳದಂತೆ ಹಾಕಿರುವ ಕಪ್ಪು ಪ್ಲಾಸ್ಟಿಕ್ ಮುಚ್ಚಳಕ್ಕೇ ನಡುವೆ ತೂತು ಇರುತ್ತದೆ, ಅದು ಯಾಕೆ ಇದೆ ಅಂತ ಗೊತ್ತಾಗದೆ ಜನ ಬಿಸಾಕಿಬಿಡುತ್ತಾರೆ. ಇಲ್ಲದಿದ್ದರೆ ಹಳೇ 35 ಮಿಮೀ ಫಿಲಂ ರೋಲಿನ ಡಬ್ಬಿ. ಒಂದೂಕಾಲು ಇಂಚಿನ ಫೋಕಸರ್‌ಗೆ ಅಳತೆ ಕೊಟ್ಟು ಮಾಡಿಸಿದಷ್ಟು ಸರಿಯಾಗಿ ಕೂರುತ್ತದೆ. ತಳ ಕತ್ತರಿಸಿ ತೆಗೆದು, ಮುಚ್ಚಳದ ಸರಿಯಾಗಿ ನಡುವೆ ಕಾಯಿಸಿದ ಮೊಳೆಯಿಂದ ಒಂದೆರಡು ಮಿಮೀ ತೂತು ಮಾಡಿ. ಹಳೇ ಫೋಟೋ ಸ್ಟುಡಿಯೋದಲ್ಲಿ ಕೇಳಿದರೆ ಮೂಲೆಯಲ್ಲಿ ಇನ್ನೂ ಬಿದ್ದಿದ್ದರೂ ಬಿದ್ದಿರಬಹುದು.

ಟೆಲಿಸ್ಕೋಪನ್ನು ಅಡ್ಡಡ್ಡ ಮಲಗಿಸಿದಂತೆ ಇಟ್ಟು, ಬಾಯಿಯನ್ನು ಬಿಳಿ ಗೋಡೆಯ ಕಡೆ ತಿರುಗಿಸಿ. ಐಪೀಸ್ ತೆಗೆದು ಕ್ಯಾಪ್ ಹಾಕಿ, ತೂತಿಗೆ ಕಣ್ಣಿಡಿ. ಒಂದರೊಳಗೊಂದು ವೃತ್ತಗಳು ಕಾಣುತ್ತವೆ. ಮೊದಲ ಸಲ ಗೊಂದಲವಾಗುತ್ತದೆ, ಅವಸರ ಬೇಡ. ಎಲ್ಲಕ್ಕಿಂತ ಹೊರಗಿರುವುದು ಫೋಕಸರ್ ಕೊಳವೆಯ ಅಂಚು. ಅದರೊಳಗೆ ಸಣ್ಣ ಕನ್ನಡಿಯ ಅಂಚು. ನಿಜವಾಗಿ ಅದು ಮೊಟ್ಟೆಯಾಕಾರ, ಓರೆಯಾಗಿ ನಿಂತಿರುವುದರಿಂದ ದುಂಡಗೆ ಕಾಣುತ್ತದೆ. ಆ ಸಣ್ಣ ಕನ್ನಡಿಯೊಳಗೆ ದೊಡ್ಡ ಕನ್ನಡಿಯ ಪ್ರತಿಬಿಂಬ, ಅದರ ಅಂಚಿನಲ್ಲಿ ಕನ್ನಡಿಯನ್ನು ಹಿಡಿದಿರುವ ಮೂರು ಕ್ಲಿಪ್ಪುಗಳು. ಮತ್ತೆ ಆ ದೊಡ್ಡ ಕನ್ನಡಿಯೊಳಗೆ ಸಣ್ಣ ಕನ್ನಡಿಯ ಕಪ್ಪು ನೆರಳು, ಪಟ್ಟಿಗಳ ಸಮೇತ. ಅದರ ನಡುವೆ ನಿಮ್ಮ ಕ್ಯಾಪಿನ ತೂತು. ದೊಡ್ಡ ಕನ್ನಡಿಯ ನಡುವೆ ಅಂಟಿಸಿರುವ ಚುಕ್ಕೆ ಅಥವಾ ಸಣ್ಣ ಉಂಗುರವೂ ಅಲ್ಲೇ ಎಲ್ಲೋ ಇರುತ್ತದೆ.

ಇಷ್ಟರಲ್ಲಿ ನೀವು ನೋಡಬೇಕಾದ್ದು ಎರಡೇ. ಮೂರೂ ಕ್ಲಿಪ್ಪುಗಳು ಕಾಣ್ತಿವೆಯಾ? ಕಂಡರೆ ಸಣ್ಣ ಕನ್ನಡಿ ಸರಿಯಾಗೇ ಇದೆ ಅಂದುಕೊಳ್ಳಿ. ಕ್ಯಾಪಿನ ತೂತಿನ ಪ್ರತಿಬಿಂಬ ಆ ಉಂಗುರದೊಳಗೆ ಬಿದ್ದಿದೆಯಾ? ಬಿದ್ದಿದ್ದರೆ ದೊಡ್ಡ ಕನ್ನಡಿಯೂ ಸರಿ. ಎರಡಕ್ಕೂ ಹೌದು ಅಂತಾದರೆ ಕ್ಯಾಪ್ ತೆಗೆದಿಟ್ಟು ಟೀ ಕುಡಿಯಿರಿ.

ಮೂರು ಕ್ಲಿಪ್ ಕಾಣ್ತಿವೆ, ಉಂಗುರವೂ ಸರಿ ಇದೆ. ಆದರೆ ಸಣ್ಣ ಕನ್ನಡಿಯ ಕಪ್ಪು ನೆರಳು ಮಾತ್ರ ನಡುವೆ ಇಲ್ಲ!

ಬಿಟ್ಟುಬಿಡಿ. ಎಫ್/5, ಎಫ್/4 ಟೆಲಿಸ್ಕೋಪಿನಲ್ಲಿ ಅದು ಹಾಗೇ ಇರಬೇಕು. ಮೇಲೇರುವ ಬೆಳಕಿನ ಕಟ್ಟು ಕಿರಿದಾಗುತ್ತಾ ಹೋಗುವುದರಿಂದ ಓರೆ ಕನ್ನಡಿಯ ಕೆಳಗಿನ ಅರ್ಧ ಮೇಲಿನ ಅರ್ಧಕ್ಕಿಂತ ಜಾಸ್ತಿ ಬೆಳಕು ಹಿಡಿಯಬೇಕಾಗುತ್ತದೆ, ಅದಕ್ಕಾಗಿ ಕನ್ನಡಿ ಸ್ವಲ್ಪ ಸರಿದು ಕೂತಿರುತ್ತದೆ, ನೆರಳೂ ಒಂದು ಬದಿಗೆ ಸರಿದು ಕಾಣುತ್ತದೆ. ಪುಸ್ತಕದ ಚಿತ್ರಗಳಲ್ಲಿ ಎಲ್ಲ ವೃತ್ತಗಳೂ ಅಚ್ಚುಕಟ್ಟಾಗಿ ನಡುವೆ ಇರುತ್ತವೆ. ಆ ಚಿತ್ರಕ್ಕೆ ಹೊಂದಿಸಲು ಹೋಗಿ ಸರಿ ಇದ್ದ ಟೆಲಿಸ್ಕೋಪನ್ನು ಕೆಡಿಸಿಕೊಳ್ಳುವವರು ಬಹಳ.

ನನ್ನ ಕನ್ನಡಿಯಲ್ಲಿ ಚುಕ್ಕೆಯೇ ಇಲ್ಲವಲ್ಲ?

ಹಾಕಬಹುದು. ದೊಡ್ಡ ಕನ್ನಡಿಯನ್ನು ಅದರ ತಟ್ಟೆಯ ಸಮೇತ ಹೊರತೆಗೆದು, ಅದೇ ಅಳತೆಗೆ ಕಾಗದ ದುಂಡಗೆ ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಮೂಲೆಯ ತುದಿ ಕತ್ತರಿಸಿದರೆ ಸರಿಯಾಗಿ ನಡುವೆ ತೂತು ಸಿಗುತ್ತದೆ. ಕಾಗದವನ್ನು ಕನ್ನಡಿಯ ಮೇಲೆ ಮೆಲ್ಲಗೆ ಇಟ್ಟು ತೂತಿನ ಮೂಲಕ ಮಾರ್ಕರ್ ಪೆನ್ನಿನಿಂದ ಸಣ್ಣ ಚುಕ್ಕೆ ಇಡಿ. ಆಮೇಲೆ ಫೈಲಿನ ಹಾಳೆ ಹರಿಯದಂತೆ ತೂತಿಗೆ ಅಂಟಿಸುವ ಕಾಗದದ ಉಂಗುರ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಚುಕ್ಕೆಯ ಸುತ್ತ ಅಂಟಿಸಿ. ಕನ್ನಡಿ ಹಾಳಾಗುತ್ತದೆ ಅನ್ನೋ ಭಯ ಬೇಡ. ನಟ್ಟನಡುವಿನ ಆ ಜಾಗ ಹೇಗೂ ಸಣ್ಣ ಕನ್ನಡಿಯ ನೆರಳಲ್ಲಿರುತ್ತದೆ, ಚಿತ್ರಕ್ಕೆ ಅದರ ಪಾಲು ಏನೂ ಇಲ್ಲ. ಬೆರಳು ಮಾತ್ರ ತಾಗಿಸಬೇಡಿ, ಬೆಳಕು ಹಿಂತಿರುಗಿಸುವ ಲೇಪನ ಗಾಜಿನ ಮೇಲ್ಮುಖದಲ್ಲೇ ಇರುತ್ತದೆ.

ದೊಡ್ಡ ಕನ್ನಡಿ ಆಚೀಚೆ ಆಗಿದೆ. ಯಾವ ಸ್ಕ್ರೂ ತಿರುಗಿಸಲಿ?

ಕೊಳವೆಯ ಹಿಂಭಾಗದಲ್ಲಿ ಸಾಮಾನ್ಯವಾಗಿ ಆರು ಸ್ಕ್ರೂ ಇರುತ್ತವೆ. ಮೂರು ಓರೆ ಬದಲಿಸುವುದಕ್ಕೆ, ಮೂರು ಬಿಗಿಹಿಡಿಯುವುದಕ್ಕೆ. ಮೊದಲು ಬಿಗಿ ಸ್ಕ್ರೂಗಳನ್ನು ಸಡಿಲಿಸಿ. ಆಮೇಲೆ ಓರೆ ಬದಲಿಸುವ ಒಂದು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಕ್ಯಾಪಿನಲ್ಲಿ ನೋಡಿ. ತೂತಿನ ಪ್ರತಿಬಿಂಬ ಉಂಗುರದ ಹತ್ತಿರ ಬಂತಾ, ಅದೇ ಕಡೆಗೆ ಇನ್ನೊಂಚೂರು. ದೂರ ಹೋಯಿತಾ, ವಾಪಸ್ ತಿರುಗಿಸಿ. ಯಾವ ಸ್ಕ್ರೂ ಯಾವ ಕಡೆಗೆ ಎಳೆಯುತ್ತದೆ ಅಂತ ಲೆಕ್ಕ ಹಾಕುತ್ತಾ ಕೂರಬೇಡಿ, ಎರಡು ಪ್ರತಿಬಿಂಬ ದಾಟಿ ಬರುವಾಗ ಎಡಬಲ ಎಲ್ಲ ಅದಲುಬದಲಾಗಿರುತ್ತದೆ, ಪ್ರಯೋಗ ಮಾಡಿ ನೋಡುವುದೇ ಸುಲಭ.

ಮನೆಯಲ್ಲಿ ಇನ್ನೊಬ್ಬರಿದ್ದರೆ ಕೂಗಿ ಕರೆಯಿರಿ. ನೀವು ಕಣ್ಣಿಟ್ಟು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಅಯ್ಯೋ ಸಾಕು, ಹಿಂದೆ ಹೋಗು" ಅಂತ ಹೇಳ್ತಾ ಹೋದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಕೊನೆಗೆ ಬಿಗಿ ಸ್ಕ್ರೂಗಳನ್ನು ಹಗುರವಾಗಿ ಬಿಗಿಸಿ, ಮತ್ತೊಮ್ಮೆ ಕ್ಯಾಪಿನಲ್ಲಿ ನೋಡಿ. ಬಿಗಿಸುವಾಗಲೇ ಎಷ್ಟೋ ಸಲ ಸರಿದುಬಿಡುತ್ತದೆ. ಜೇಮ್ಸ್ ವೆಬ್ ಟೆಲಿಸ್ಕೋಪಿನ 18 ತುಂಡು ಕನ್ನಡಿಗಳನ್ನು ಹೊಂದಿಸಲು 2022ರಲ್ಲಿ ತಿಂಗಳುಗಳೇ ಹಿಡಿದವು, ನಮ್ಮದು ಮೂರು ಸ್ಕ್ರೂ, ಬೇಜಾರು ಮಾಡ್ಕೋಬೇಡಿ.

ಸಣ್ಣ ಕನ್ನಡಿಯ ಸ್ಕ್ರೂ?

ಒಂದೋ ಎರಡೋ ಕ್ಲಿಪ್ ಮಾತ್ರ ಕಾಣ್ತಿದ್ದರೆ ಮುಟ್ಟಬೇಕಾಗುತ್ತದೆ, ಅಂದರೆ ಮೂರರಲ್ಲಿ ಒಂದಾದರೂ ಪೂರ್ತಿ ಮರೆಯಾಗಿದ್ದರೆ. ಇಲ್ಲದಿದ್ದರೆ ಬೇಡ. ಸ್ಪೈಡರ್ ನಡುವೆ ಒಂದು ಮುಖ್ಯ ಬೋಲ್ಟ್, ಅದರ ಸುತ್ತ ಮೂರು ಸಣ್ಣ ಸ್ಕ್ರೂ, ಬಹಳಷ್ಟರಲ್ಲಿ ಅಲೆನ್ ಕೀ ಬೇಕಾಗುವಂಥವು. ಒಂದನ್ನು ಚೂರು ಸಡಿಲಿಸಿ, ಉಳಿದೆರಡನ್ನು ಅಷ್ಟೇ ಬಿಗಿಸಿ, ಹೀಗೆ ಮೂರೂ ಕ್ಲಿಪ್ ಒಂದೇ ಸಮ ಕಾಣುವವರೆಗೆ. ಕೊಳವೆ ಅಡ್ಡಡ್ಡವಾಗೇ ಇರಲಿ. ನೆಟ್ಟಗೆ ನಿಲ್ಲಿಸಿ ಈ ಕೆಲಸ ಮಾಡಿದರೆ ಕೈಜಾರಿದ ಅಲೆನ್ ಕೀ ನೇರ ಹೋಗಿ ಬೀಳುವುದು ದೊಡ್ಡ ಕನ್ನಡಿಯ ಮೇಲೆ. ನಡುವಿನ ಬೋಲ್ಟನ್ನು ಪೂರ್ತಿ ಬಿಚ್ಚಿದರೆ ಸಣ್ಣ ಕನ್ನಡಿಯೇ ಕಳಚಿಬರುತ್ತದೆ, ಅದರ ತಂಟೆಗೆ ಹೋಗಬೇಡಿ. ಇದನ್ನು ಸರಿಮಾಡಿದ ಮೇಲೆ ದೊಡ್ಡ ಕನ್ನಡಿಯನ್ನು ಮತ್ತೆ ಹೊಂದಿಸಲೇಬೇಕು.

ಲೇಸರ್ ಕಾಲಿಮೇಟರ್ ಕೊಳ್ಳಲಾ?

ಈಗಲೇ ಬೇಡ. ಅಗ್ಗದ ಲೇಸರ್‌ಗಳಲ್ಲಿ ಲೇಸರೇ ಸೊಟ್ಟಗಿರುವುದು ಜಾಸ್ತಿ, ಸೊಟ್ಟ ಲೇಸರ್ ನಂಬಿ ಕನ್ನಡಿ ಹೊಂದಿಸಿದರೆ ಕನ್ನಡಿಯೂ ಸೊಟ್ಟ. ಆಗಲೇ ಕೊಂಡಿದ್ದರೆ ಒಂದು ಪರೀಕ್ಷೆ ಮಾಡಿ: ಎರಡು ಜೊತೆ ಮೊಳೆ ಹೊಡೆದ ಹಲಗೆಯ ಮೇಲೆ ಲೇಸರನ್ನು ಮಲಗಿಸಿ, ದೂರದ ಗೋಡೆಗೆ ಹಾಯಿಸಿ, ಅಲ್ಲೇ ಉರುಳಿಸಿ. ಗೋಡೆಯ ಮೇಲಿನ ಚುಕ್ಕೆ ಒಂದೇ ಕಡೆ ನಿಂತರೆ ಸರಿ, ವೃತ್ತ ಸುತ್ತಿದರೆ ಲೇಸರ್ ಸರಿಯಿಲ್ಲ. ದುಡ್ಡು ಹಾಕಲೇಬೇಕು ಅನಿಸಿದರೆ ಒಳಗೆ ಅಡ್ಡದಾರಗಳಿರುವ ಚೆಶೈರ್ ಐಪೀಸ್ (ಕ್ಯಾಪಿನ ಹಾಗೇ ಕಣ್ಣಿಟ್ಟು ಕನ್ನಡಿ ಹೊಂದಿಸುವ ಸಾಧನ) ಕೊಳ್ಳಿ. ಬ್ಯಾಟರಿ ಬೇಡ, ಕೆಡುವಂಥದ್ದೇನೂ ಅದರಲ್ಲಿಲ್ಲ.

ನಕ್ಷತ್ರ ನೋಡಿ ಪರೀಕ್ಷೆ ಮಾಡಬಹುದಂತೆ, ಹೌದಾ?

ಹೌದು, ಕೊನೆಯ ತೀರ್ಪು ನಕ್ಷತ್ರದ್ದೇ. 100ರಿಂದ 150 ಪಟ್ಟು ಹಿಗ್ಗಿಸುವಂತೆ ಐಪೀಸ್ ಹಾಕಿ, ನಕ್ಷತ್ರವನ್ನು ಸರಿಯಾಗಿ ನಡುವೆ ತಂದು, ಫೋಕಸ್ಸನ್ನು ಸ್ವಲ್ಪ ಕೆಡಿಸಿ. ನಕ್ಷತ್ರ ಉಬ್ಬಿ ಉದ್ದಿನ ವಡೆಯ ಹಾಗಾಗುತ್ತದೆ, ನಡುವೆ ಕಪ್ಪು ತೂತು, ಸುತ್ತ ಬೆಳಕಿನ ಉಂಗುರಗಳು. ತೂತು ನಡುವೆ ಇದ್ದರೆ ಕನ್ನಡಿ ಸರಿ. ಒಂದು ಬದಿಗೆ ಸರಿದು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿದ್ದರೆ ಪ್ರೈಮರಿ ಸ್ಕ್ರೂ ಚೂರೇ ಚೂರು ತಿರುಗಿಸಿ, ನಕ್ಷತ್ರವನ್ನು ಮತ್ತೆ ನಡುವೆ ತಂದು ನೋಡಿ. ನಡುವೆ ತರುವುದನ್ನು ಮರೆತರೆ ಪರೀಕ್ಷೆಗೆ ಅರ್ಥವಿಲ್ಲ, ಯಾಕಂದರೆ ಅಂಚಿನಲ್ಲಿ ಒಳ್ಳೆಯ ಟೆಲಿಸ್ಕೋಪಿನಲ್ಲೂ ವಡೆ ಸೊಟ್ಟಗೇ ಕಾಣುತ್ತದೆ.

ಈಗ ಯಾವ ನಕ್ಷತ್ರ ಅನ್ನೋ ಪ್ರಶ್ನೆ. ಟೆಲಿಸ್ಕೋಪಿನ ಜೊತೆ ಬರುವ ಪುಸ್ತಕಗಳು ಧ್ರುವ ನಕ್ಷತ್ರವನ್ನು ನೋಡಿ ಅನ್ನುತ್ತವೆ, ಅದು ಹೆಚ್ಚುಕಡಿಮೆ ನಿಂತಲ್ಲೇ ನಿಂತಿರುತ್ತದೆ ಅಂತ. ಲಂಡನ್ನಿನವರಿಗೆ ಸರಿ, ಅಲ್ಲಿ ಧ್ರುವ 51 ಡಿಗ್ರಿ ಎತ್ತರದಲ್ಲಿರುತ್ತದೆ. ಬೆಂಗಳೂರಿನಲ್ಲಿ ಅದು ದಿಗಂತದಿಂದ ಬರೀ 13 ಡಿಗ್ರಿ ಮೇಲೆ, ಧಾರವಾಡದಲ್ಲಿ ಹದಿನೈದೂವರೆ, ಕಲಬುರಗಿಯಲ್ಲಿ 17. ಅಷ್ಟು ಕೆಳಗೆ ದಪ್ಪನೆಯ ಗಾಳಿ, ಧೂಳು, ಪಕ್ಕದ ಮನೆಯ ನೀರಿನ ಟ್ಯಾಂಕು. ನಕ್ಷತ್ರ ಕುಣಿಯುವುದನ್ನು ನೋಡಿ ಕನ್ನಡಿಯನ್ನು ಬೈಯುತ್ತೀರಿ. ನಮ್ಮ ಕಡೆಯವರು 50ರಿಂದ 70 ಡಿಗ್ರಿ ಎತ್ತರದಲ್ಲಿರುವ ನಕ್ಷತ್ರ ಹಿಡಿಯುವುದೇ ಒಳ್ಳೆಯದು: ಏಪ್ರಿಲ್ ರಾತ್ರಿ ಮಖಾ, ಜೂನ್ ಹೊತ್ತಿಗೆ ಸ್ವಾತಿ, ಸೆಪ್ಟೆಂಬರಿನಲ್ಲಿ ಮೋಡ ಬಿಟ್ಟರೆ ಶ್ರವಣ. ಇವು ನೆತ್ತಿಯ ಹತ್ತಿರಕ್ಕೇ ಬರುತ್ತವೆ, ಆದರೆ ಸರಿಯಾಗಿ ನೆತ್ತಿಗೆ ಬಂದಾಗ ಡಾಬ್ಸೋನಿಯನ್ ತಿರುಗಿಸುವುದು ಹಿಂಸೆ, ಅದಕ್ಕೆ ಒಂದೆರಡು ಗಂಟೆ ಮೊದಲೋ ನಂತರವೋ ನೋಡಿ. ಲುಬ್ಧಕ ಬೇಡ, ಅದರ ಹೊಳಪಿಗೆ ಉಂಗುರಗಳು ಕಾಣುವುದಿಲ್ಲ. ಇವೆಲ್ಲ ಓಡುತ್ತವೆ ನಿಜ. 130 ಪಟ್ಟಿನಲ್ಲಿ ಸಾಮಾನ್ಯ ಐಪೀಸನ್ನು ಒಂದೂವರೆ ನಿಮಿಷದಲ್ಲಿ ದಾಟಿಹೋಗುತ್ತವೆ. ನೋಡುವುದಕ್ಕೆ ಅಷ್ಟು ಸಾಕು.

ಎಲ್ಲ ಸರಿ ಇದೆ, ಆದರೂ ಗುರು ಮಸುಕು. ಈಗೇನು?

ನನ್ನ ಪ್ರಕಾರ ಜಾಸ್ತಿ ಜನ ಇರುವುದು ಈ ಗುಂಪಿನಲ್ಲೇ. ತಪ್ಪು ಕನ್ನಡಿಯದ್ದಲ್ಲ, ಗಾಳಿಯದ್ದು. ಮನೆಯೊಳಗೆ ಬೆಚ್ಚಗಿದ್ದ ಕನ್ನಡಿಯನ್ನು ಜನವರಿಯ ಚಳಿಗೆ ತಾರಸಿಗೆ ತಂದರೆ ಅದು ತಣಿಯುವವರೆಗೆ ಕೊಳವೆಯೊಳಗೆ ಬಿಸಿಗಾಳಿ ಏಳುತ್ತಲೇ ಇರುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆ ಸುಮ್ನೆ ಹೊರಗಿಡಿ. ತಾರಸಿಯ ಸಿಮೆಂಟು ಕೂಡ ಹಗಲಿನ ಬಿಸಿಲು ಹೀರಿ ರಾತ್ರಿ ಬಹಳ ಹೊತ್ತು ಬಿಸಿ ಬಿಡುತ್ತದೆ, ಮಣ್ಣಿನ ಅಂಗಳ ಇದ್ದರೆ ಅದೇ ವಾಸಿ.

ವ್ಯತ್ಯಾಸ ಕಂಡುಹಿಡಿಯುವುದು ಸುಲಭ. ಫೋಕಸ್ ಕೆಡಿಸಿದ ನಕ್ಷತ್ರ ಕ್ಷಣಕ್ಷಣಕ್ಕೂ ಅಲುಗಾಡಿ ಆಕಾರ ಬದಲಿಸುತ್ತಿದ್ದರೆ ಗಾಳಿ. ಯಾವಾಗ ನೋಡಿದರೂ ಅದೇ ಬದಿಗೆ ಸೊಟ್ಟಗಿದ್ದರೆ ಕನ್ನಡಿಯ ಓರೆ. ತ್ರಿಕೋನದ ಹಾಗೆ ಕಂಡರೆ ಆ ಮೂರು ಕ್ಲಿಪ್ಪುಗಳು ಕನ್ನಡಿಯನ್ನು ಹಿಸುಕುತ್ತಿವೆ. ಕ್ಲಿಪ್ಪಿಗೂ ಗಾಜಿಗೂ ನಡುವೆ ಒಂದು ಕಾಗದ ನುಸುಳುವಷ್ಟು ಸಡಿಲಿಸಿ.

ಇನ್ನು ಡಬ್ಬದ ಮೇಲೆ 675 ಪಟ್ಟು ಅಂತ ಬರೆದಿರುತ್ತಾರಲ್ಲ, ಅದನ್ನು ನಂಬಿ 4 ಮಿಮೀ ಐಪೀಸಿಗೆ 3 ಪಟ್ಟಿನ ಬಾರ್ಲೋ (ಐಪೀಸಿನ ಪವರ್ ಹೆಚ್ಚಿಸುವ ಲೆನ್ಸ್) ಸೇರಿಸಿದರೆ ಯಾವ ಕನ್ನಡಿಯೂ ಚೂಪಾಗಿ ತೋರಿಸುವುದಿಲ್ಲ. ಅಗಲದ ಪ್ರತಿ ಮಿಮೀಗೆ ಎರಡು ಪಟ್ಟೇ ಮಿತಿ, ಅಂದರೆ 114ಕ್ಕೆ 228, ಅದೂ ಗಾಳಿ ಶಾಂತವಾಗಿರುವ ರಾತ್ರಿ.

ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಮಾಡಬೇಕು?

ಗಿಡ್ಡ ಕೊಳವೆಯಾದರೆ, ಅದರಲ್ಲೂ ಮಡಚಿ ತೆರೆಯುವಂಥದ್ದಾದರೆ, ಪ್ರತಿ ಸಲ ಹೊರಗೆ ತಂದಾಗ ಕ್ಯಾಪಿನಲ್ಲಿ ಒಮ್ಮೆ ಇಣುಕಿ. ಉದ್ದ ಕೊಳವೆಯಾದರೆ ಪ್ರಯಾಣದ ನಂತರ ಸಾಕು, ನಮ್ಮ ರಸ್ತೆಗಳ ಮೇಲೆ ಕಾರಿನ ಡಿಕ್ಕಿಯಲ್ಲಿ ಹೋಗಿಬಂದ ಮೇಲಂತೂ ನೋಡಲೇಬೇಕು.

ಕೊಳವೆ ಅರ್ಧ ಮೀಟರ್, ಆದರೆ ಫೋಕಲ್ ಲೆಂತ್ 1000 ಮಿಮೀ ಅಂತ ಬರೆದಿದೆ. ಕ್ಯಾಪಿನಲ್ಲಿ ಏನೂ ಸರಿಯಾಗಿ ಕಾಣ್ತಿಲ್ಲ.

ನಿಮ್ಮದು ಬರ್ಡ್-ಜೋನ್ಸ್ ಮಾದರಿ. ಸಾಮಾನ್ಯ ನ್ಯೂಟೋನಿಯನ್‌ನಲ್ಲಿ ಕೊಳವೆಯ ಉದ್ದ ಹೆಚ್ಚುಕಡಿಮೆ ಫೋಕಲ್ ಲೆಂತ್‌ನಷ್ಟೇ ಇರುತ್ತದೆ. ಇದರಲ್ಲಿ ಫೋಕಸರ್ ಒಳತುದಿಯಲ್ಲಿ ಒಂದು ಲೆನ್ಸ್ ಕೂರಿಸಿ ಉದ್ದ ಹಿಗ್ಗಿಸಿರುತ್ತಾರೆ. ಆ ಲೆನ್ಸ್ ಅಡ್ಡ ಬಂದು ಕ್ಯಾಪಿನ ನೋಟ, ಲೇಸರಿನ ದಾರಿ ಎರಡೂ ಕೆಡುತ್ತವೆ. ಲೆನ್ಸ್ ಬಿಚ್ಚಿ ಪರೀಕ್ಷೆ ಮಾಡುವವರಿದ್ದಾರೆ. ಹೊಸಬರಿಗೆ ನಾನು ಹೇಳುವುದು ಕ್ಯಾಪ್ ಪಕ್ಕಕ್ಕಿಟ್ಟು ನಕ್ಷತ್ರದ ಪರೀಕ್ಷೆಯನ್ನೇ ನೆಚ್ಚಿಕೊಳ್ಳಿ ಅಂತ. ಇನ್ನೂ ಕೊಂಡಿಲ್ಲವಾದರೆ ಈ ಮಾದರಿ ಬಿಟ್ಟು ಬೇರೆ ನೋಡಿ.

ಪರೀಕ್ಷೆ ಮಾಡುವಾಗ ಕನ್ನಡಿ ಮೇಲೆ ಧೂಳು ಕಂಡಿತು. ಒರೆಸಲಾ?

ಒರೆಸಬೇಡಿ. ಒಂದಿಷ್ಟು ಧೂಳಿನಿಂದ ಚಿತ್ರಕ್ಕೆ ಏನೂ ಆಗುವುದಿಲ್ಲ, ಬಟ್ಟೆಯಿಂದ ಒರೆಸಿದರೆ ಬೀಳುವ ಗೀರು ಮಾತ್ರ ಶಾಶ್ವತ. ಕರಾವಳಿ, ಮಲೆನಾಡಿನವರಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದೇ ದೊಡ್ಡ ಕಾಟ. ಎರಡೂ ಕಡೆ ಮುಚ್ಚಳ ಹಾಕುವ ಮೊದಲು ಇಬ್ಬನಿಯ ತೇವ ಪೂರ್ತಿ ಆರಲಿ, ಒಳಗೆ ಸಿಲಿಕಾ ಜೆಲ್ ಚೀಲ ಇಡಿ. ಬೂಷ್ಟು ಬಂದೇಬಿಟ್ಟಿದ್ದರೆ ಕನ್ನಡಿ ಹೊರತೆಗೆದು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿದ ನೀರಿನಲ್ಲಿ ನೆನೆಸಿ, ಹತ್ತಿಯನ್ನು ಒತ್ತದೆ ಮೇಲಿಂದ ತೇಲಿಸಿದಂತೆ ಎಳೆದು, ಕೊನೆಗೆ ಡಿಸ್ಟಿಲ್ಡ್ ವಾಟರ್ ಸುರಿದು ಓರೆಯಾಗಿ ನಿಲ್ಲಿಸಿ ಒಣಗಿಸಿ. ತೆಗೆಯುವ ಮೊದಲು ತಟ್ಟೆ ಮತ್ತು ಕೊಳವೆ ಎರಡರ ಮೇಲೂ ಪೆನ್ಸಿಲ್ ಗೆರೆ ಎಳೆದಿಟ್ಟುಕೊಳ್ಳಿ, ವಾಪಸ್ ಅದೇ ದಿಕ್ಕಿನಲ್ಲಿ ಕೂರಿಸಿದರೆ ಮತ್ತೆ ಹೊಂದಿಸುವ ಕೆಲಸ ಅರ್ಧ ಕಡಿಮೆಯಾಗುತ್ತದೆ.